ಕುಚ್ಚು ಮೀನು ಹುಡುಕುವುದು ಹೇಗೆ: ಕೊಡಗಿನ ಕೆರೆ, ತೋಡು, ಹೊಳೆಗಳಲ್ಲಿ ಗಾಳ ಹಾಕುವವರಿಗೆ

ಕೊಡಗಿನಲ್ಲಿ ಗಾಳದ ಮಾತು ಬಂದರೆ ಎಲ್ಲರೂ ಮೊದಲು ಕಾವೇರಿಯ ಮಹಶೀರ್ ಹೆಸರು ಹೇಳುತ್ತಾರೆ. ಆದರೆ ನಮ್ಮಲ್ಲಿ ಹೆಚ್ಚಿನವರ ಮನೆಗೆ ಹತ್ತಿರದ ನೀರಿನಲ್ಲಿರುವ ಬೇಟೆ ಮೀನು ಕುಚ್ಚು. ಕಾಫಿ ತೋಟದ ಕೆರೆ, ಗದ್ದೆ ಬದಿಯ ತೋಡು, ಜೊಂಡು ಬೆಳೆದ ಊರ ಕೆರೆ, ಹೊಳೆಯ ಮಡು, ಎಲ್ಲ ಕಡೆಯೂ ಅದಿದೆ. ಕೆಲವರು ಕೊರವ ಅನ್ನುತ್ತಾರೆ, ಕೆಲವರು ಮುರಲ್ ಅನ್ನುತ್ತಾರೆ, ಪೇಟೆಯ ಮೀನಂಗಡಿಯಲ್ಲಿ ಮುರ್ರೆಲ್ ಎಂದರೆ ಸಾಕು.

ಈ ಮೀನಿನ ಬಗ್ಗೆ ಒಂದು ಸಂಗತಿ ತಿಳಿದರೆ ಅರ್ಧ ಕೆಲಸ ಮುಗಿದಂತೆ. ಕಿವಿರಿನ ಮೇಲ್ಭಾಗದಲ್ಲಿ ಅದಕ್ಕೆ ಗಾಳಿ ತುಂಬಿಕೊಳ್ಳುವ ಪುಟ್ಟ ಕೋಣೆಗಳಿವೆ. ಕಿವಿರಿನಿಂದ ಮಾತ್ರ ಉಸಿರಾಡಿ ಅದು ಬದುಕಲಾರದು. ಆಗಾಗ ಮೇಲೆ ಬಂದು ಬಾಯಿ ತೆರೆದು ಗಾಳಿ ನುಂಗಲೇಬೇಕು. ಮೇಲೆ ಬರಲು ಬಿಡದಂತೆ ನೀರೊಳಗೇ ಹಿಡಿದಿಟ್ಟರೆ ಮೀನಾದರೂ ಉಸಿರುಕಟ್ಟಿ ಸಾಯುತ್ತದೆ. ಹಾಗಾಗಿ ಕುಚ್ಚು ಹುಡುಕುವುದೆಂದರೆ ಅದು ಉಸಿರಾಡುವ ಜಾಗ ಹುಡುಕುವುದು. ರಾಡು, ದಾರ, ಎರೆ ಎಲ್ಲ ಆಮೇಲಿನ ಮಾತು.

ನಿಮ್ಮ ನೀರಿನಲ್ಲಿರುವುದು ಯಾವ ಜಾತಿ?

ಕೊಡಗಿನ ಗಾಳಗಾರನಿಗೆ ಮುಖ್ಯವಾಗಿ ನಾಲ್ಕು ಬಗೆ ಎದುರಾಗುತ್ತವೆ. ನಾಲ್ಕಕ್ಕೂ ಹಾವಿನ ತಲೆಯಂಥ ಚಪ್ಪಟೆ ತಲೆ, ಉದ್ದ ಮೈ, ಕತ್ತಿನ ಹಿಂದಿನಿಂದ ಬಾಲದವರೆಗೆ ಒಂದೇ ಬೆನ್ನು ರೆಕ್ಕೆ. ಜಾತಿ ತಿಳಿಯುವುದು ಬರೀ ಕುತೂಹಲಕ್ಕಲ್ಲ. ಒಂದೊಂದೂ ಬೇರೆ ಬೇರೆ ಜಾಗದಲ್ಲಿರುತ್ತದೆ.

ಮೊದಲನೆಯದು ಕುಚ್ಚು, ವಿಜ್ಞಾನದ ಹೆಸರು ಚನ್ನಾ ಸ್ಟ್ರಯಾಟಾ. ಬೆನ್ನು ಕಪ್ಪು ಅಥವಾ ಕಡು ಕಂದು, ಹೊಟ್ಟೆ ಬಿಳಿ, ಪಕ್ಕೆಯ ಮೇಲೆ ಓರೆಯಾದ ಗಾಢ ಪಟ್ಟೆಗಳು. ಕೆರೆ, ಗದ್ದೆ, ಕೆಸರು ನೆಲ, ಬಳ್ಳಿ ತುಂಬಿದ ನಿಂತ ನೀರು ಇದರ ಮನೆ. ತೋಟದ ಕೆರೆಯಲ್ಲಿ ಅರ್ಧ ಕಿಲೋದಿಂದ ಎರಡು ಕಿಲೋವರೆಗಿನವು ಸಾಮಾನ್ಯ.

ಎರಡನೆಯದು ಹೂವಿನ ಮುರಲ್, ಚನ್ನಾ ಮರುಲಿಯಸ್. ನಾಲ್ಕರಲ್ಲಿ ದೊಡ್ಡದು ಇದೇ, ಒಂದು ಮೀಟರ್ ದಾಟಿ ಬೆಳೆಯಬಲ್ಲದು. ಮೈಮೇಲೆ ಮುತ್ತಿನಂಥ ಬಿಳಿ ಚುಕ್ಕೆಗಳಿರುತ್ತವೆ. ಎಳೆಯ ಮೀನಿನ ಬಾಲದ ಬುಡದಲ್ಲಿ ಕಿತ್ತಳೆ ಉಂಗುರದ ನಡುವೆ ಕಪ್ಪು ಬೊಟ್ಟು. ಇದಕ್ಕೆ ಕೆಸರಿಗಿಂತ ಬಂಡೆ, ಮರಳು ಇರುವ ಆಳದ ನೀರು ಇಷ್ಟ. ಕಾವೇರಿ, ಲಕ್ಷ್ಮಣತೀರ್ಥದ ಮಡುಗಳಲ್ಲಿ, ಜಲಾಶಯದ ಹಿನ್ನೀರಿನಲ್ಲಿ ಮುಳುಗಿದ ಮರಗಳ ಮಧ್ಯೆ ಇದನ್ನು ಹುಡುಕಬೇಕು. ಪಶ್ಚಿಮ ಘಟ್ಟದಲ್ಲಿ ಇದಕ್ಕೆ ಬಹಳ ಹತ್ತಿರದ ಮೀನೊಂದಿದೆ. ಅದು ಬೇರೆಯೇ ಜಾತಿ ಎಂದು 2017ರಲ್ಲಿ ವಿಜ್ಞಾನಿಗಳು ಮತ್ತೆ ಎತ್ತಿಹಿಡಿದರು. ಹೆಸರು ಚನ್ನಾ ಸ್ಯೂಡೋಮರುಲಿಯಸ್. ಗಾಳದ ಮಟ್ಟಿಗೆ ಎರಡರ ನಡವಳಿಕೆಯೂ ಒಂದೇ ಎಂದುಕೊಂಡು ಮುಂದುವರಿಯಬಹುದು.

ಮೂರನೆಯದು ಚುಕ್ಕೆ ಇರುವ ಸಣ್ಣ ಕೊರವ, ಚನ್ನಾ ಪಂಕ್ಟಾಟಾ. ಇಲ್ಲಿಂದ ಮುಂದೆ ಕೊರವ ಎಂದರೆ ಇದೇ. ಗೇಣುದ್ದ ಆದರೆ ಅದೇ ದೊಡ್ಡದು. ಇದನ್ನು ಕುಚ್ಚಿನ ಮರಿ ಎಂದುಕೊಳ್ಳುವವರು ಬಹಳ. ಅನುಮಾನವಿದ್ದರೆ ಬೆನ್ನು ರೆಕ್ಕೆಯ ಕಡ್ಡಿ ಎಣಿಸಿ: ಕೊರವಕ್ಕೆ 28ರಿಂದ 33, ಕುಚ್ಚಿಗೆ 37ರಿಂದ 46, ಹೂವಿನ ಮುರಲಿಗೆ 45ರ ಮೇಲೆ.

ನಾಲ್ಕನೆಯದು ಚನ್ನಾ ಗಚುವಾ. ಬೆಟ್ಟದ ತೋಡುಗಳಲ್ಲಿ, ಕಲ್ಲಿನ ಸಂದಿಯಲ್ಲಿ, ಗದ್ದೆಗೆ ನೀರು ಹರಿಯುವ ಕಾಲುವೆಯಲ್ಲಿ ಇರುವ ಪುಟಾಣಿ. ನೀಲಿ ಮಿಶ್ರಿತ ರೆಕ್ಕೆಗೆ ಕಿತ್ತಳೆ ಅಂಚು. ಇದರ ಗಂಡು ಮೊಟ್ಟೆಗಳನ್ನು ಬಾಯಲ್ಲಿಟ್ಟುಕೊಂಡು ಕಾಯುತ್ತದೆ. ನೋಡಿ ಸಂತೋಷಪಡಿ, ಇದಕ್ಕೆ ಗಾಳ ಹಾಕಬೇಡಿ ಎಂದು ನಾನು ಹೇಳುತ್ತೇನೆ. ತಿನ್ನಲು ಮಾಂಸವಿಲ್ಲ, ಒಂದು ತೋಡಿನಲ್ಲಿರುವುದೂ ಕೆಲವೇ ಕೆಲವು.

ಕೇಳಿಯೇ ಇಳಿಯಿರಿ

ತೋಟದ ಕೆರೆಗೆ ಸಾಹುಕಾರರ ಒಪ್ಪಿಗೆ ಬೇಕು. ಒಪ್ಪಿಗೆ ಸಿಕ್ಕ ಮೇಲೆ ತೋಟದ ಲೆಕ್ಕ ನೋಡುವ ರೈಟರನ್ನೂ ಲೈನ್ ಮನೆಯ ಕೆಲಸಗಾರರನ್ನೂ ಮಾತಾಡಿಸಿ. "ಅಣ್ಣ, ಕುಚ್ಚು ಯಾವ ಮೂಲೆಯಲ್ಲಿ ಗಾಳಿಗೆ ಏಳುತ್ತೆ?" ಎಂದು ಕೇಳಿದರೆ ಬೆರಳು ಮಾಡಿ ತೋರಿಸುತ್ತಾರೆ. ದಿನವೂ ಆ ನೀರಿನ ಪಕ್ಕ ಓಡಾಡುವ ಕಣ್ಣು ಅವರದು. ಆನೆ ಬಂದಿದೆಯೇ ಎಂದೂ ಅವರನ್ನೇ ಕೇಳಬೇಕು. ಸಿದ್ದಾಪುರ, ತಿತಿಮತಿ, ಪಾಲಿಬೆಟ್ಟದ ಕಡೆ ತೋಟದ ಕೆರೆಗೆ ನಸುಕಿನಲ್ಲಿ, ಮುಸ್ಸಂಜೆಯಲ್ಲಿ ಆನೆ ನೀರಿಗೆ ಬರುತ್ತದೆ. ಕುಚ್ಚು ಹೆಚ್ಚು ಕಚ್ಚುವ ಹೊತ್ತೂ ಅದೇ. ಹಸಿ ಲದ್ದಿ ಕಂಡರೆ, ಏರಿಯ ಮೇಲೆ ಹೊಸ ಹೆಜ್ಜೆ ಕಂಡರೆ ಆ ದಿನ ವಾಪಸು ಹೋಗಿ. ಒಬ್ಬರೇ ಹೋಗುವುದಂತೂ ಬೇಡ.

ಊರ ಕೆರೆಗಳು, ಹಾರಂಗಿ, ಚಿಕ್ಲಿಹೊಳೆಯಂಥ ಜಲಾಶಯಗಳ ಮೀನಿನ ಹಕ್ಕು ಗುತ್ತಿಗೆಯಲ್ಲೋ ಪರವಾನಗಿಯಲ್ಲೋ ಇರುತ್ತದೆ. ಮೀನುಗಾರಿಕೆ ಇಲಾಖೆಯ ಕಚೇರಿಯಲ್ಲಿ ವಿಚಾರಿಸಿ. ನಾಗರಹೊಳೆ, ಬ್ರಹ್ಮಗಿರಿ, ತಲಕಾವೇರಿ, ಪುಷ್ಪಗಿರಿ ರಕ್ಷಿತ ಅರಣ್ಯಗಳ ಒಳಗಿನ ನೀರಿಗೆ ಗಾಳ ಹಾಕುವಂತಿಲ್ಲ. ದೊಡ್ಡಮಳ್ತೆಯ ಹೊನ್ನಮ್ಮನ ಕೆರೆಯಂಥ ಪೂಜೆಯ ನೀರಿಗೆ, ದೇವರಕಾಡಿನ ತೋಡಿಗೆ ಕಾನೂನು ನೋಡುವ ಮೊದಲೇ ಕೈ ಹಾಕಬಾರದು.

ಯಾವ ತಿಂಗಳು, ಎಲ್ಲಿ

ಮಾರ್ಚ್, ಏಪ್ರಿಲ್ ತಿಂಗಳು ಕೆರೆ ಓದಲು ಕಲಿಯುವವರಿಗೆ ಅತ್ಯುತ್ತಮ. ಕಾಫಿ ಹೂ ಅರಳಿಸುವ ಹೂಮಳೆ ತಡವಾದರೆ ರೊಬಸ್ಟಾ ತೋಟಗಳಲ್ಲಿ ಸ್ಪ್ರಿಂಕ್ಲರ್ ಹಾಕುತ್ತಾರೆ, ಆಮೇಲೆ ಬ್ಯಾಕಿಂಗ್‌ಗೆ, ಅಂದರೆ ಹೂವಾದ ಮೇಲಿನ ಎರಡನೆಯ ನೀರಿಗೆ, ಮತ್ತೆ ನೀರು ಎತ್ತುತ್ತಾರೆ. ಕೆರೆ ಅರ್ಧಕ್ಕೆ ಇಳಿಯುತ್ತದೆ. ಇಡೀ ಕೆರೆಯಲ್ಲಿ ಹರಡಿದ್ದ ಕುಚ್ಚುಗಳು ಉಳಿದ ನೀರಿಗೆ ಸೇರುತ್ತವೆ, ನೀರು ಬಿಸಿಯಾಗಿ ಅದರಲ್ಲಿ ಕರಗಿದ ಆಮ್ಲಜನಕ ಕಡಿಮೆಯಾಗುತ್ತದೆ, ಅವು ಮತ್ತೆ ಮತ್ತೆ ಮೇಲೆ ಬರುತ್ತವೆ. ಈ ಸಮಯದಲ್ಲಿ ಕೆರೆಯ ತಳದ ಚಿತ್ರ ಬರೆದಿಟ್ಟುಕೊಳ್ಳಿ: ಎಲ್ಲಿ ಹಳ್ಳ, ಎಲ್ಲಿ ಬೇರು, ಎಲ್ಲಿ ಕಲ್ಲು ಕಟ್ಟಿದ ತೂಬು. ಮಳೆಗಾಲ ಕಳೆದು ನೀರು ತುಂಬಿದಾಗ ಆ ಚಿತ್ರವೇ ನಿಮ್ಮ ದಾರಿ.

ಜೂನ್‌ನಲ್ಲಿ ಮಳೆ ಹಿಡಿದರೆ ಕುಚ್ಚು ಕೆರೆಯ ಕೋಡಿ ಹತ್ತಿ, ತೋಡು ದಾಟಿ ಗದ್ದೆಗೆ ಏರುತ್ತದೆ. ಒದ್ದೆ ನೆಲದ ಮೇಲೆ ಸ್ವಲ್ಪ ದೂರ ತೆವಳಲೂ ಅದಕ್ಕೆ ಆಗುತ್ತದೆ. ಜುಲೈ, ಆಗಸ್ಟ್‌ನ ಕಕ್ಕಡ ತಿಂಗಳ ಜಡಿಮಳೆಯಲ್ಲಿ ಗಾಳದ ಮೀನು ಕಡಿಮೆ. ಆ ಹೊತ್ತು ಮೀನಿಗೆ ಮರಿ ಮಾಡುವ ಕೆಲಸ, ನಮಗೆ ನಾಟಿ ಕೆಲಸ. ತೋಡಿಗೆ ಕೂಳಿ (ಬಿದಿರಿನ ಮೀನುಬುಟ್ಟಿ) ಇಟ್ಟು ಹತ್ತುವ ಮೀನನ್ನೆಲ್ಲ ಬಾಚುವ ಅಭ್ಯಾಸ ಹಳೆಯದೇ. ಆದರೆ ಹೊಟ್ಟೆ ತುಂಬ ಮೊಟ್ಟೆ ಹೊತ್ತು ಹತ್ತುವ ಮೀನು ಅದು. ಒಂದು ತೋಡಿಗೆ ಎರಡು ಬದಿಯಿಂದಲೂ ಕೂಳಿ ಕಟ್ಟಿದರೆ ಮುಂದಿನ ವರ್ಷ ಆ ಗದ್ದೆಗೆ ಬರುವ ಮೀನೇ ಇರುವುದಿಲ್ಲ.

ಸೆಪ್ಟೆಂಬರ್ ಆರಂಭದ ಕೈಲ್ ಮುಹೂರ್ತ ಹಬ್ಬ ಕಳೆದು ಮಳೆ ಬಿಡುವು ಕೊಟ್ಟಾಗಿನಿಂದ ನವೆಂಬರ್, ಡಿಸೆಂಬರ್ ಸುಮಾರಿನ ಸುಗ್ಗಿ ಹಬ್ಬ ಹುತ್ತರಿವರೆಗೆ ನಿಜವಾದ ಗಾಳದ ಕಾಲ. ನೀರು ತಿಳಿಯಾಗುತ್ತದೆ, ಮೀನು ಹಸಿದಿರುತ್ತದೆ. ಗದ್ದೆಯ ನೀರು ಬತ್ತುತ್ತಾ ಬಂದಂತೆ ಕಪ್ಪೆ, ಏಡಿ, ಸಣ್ಣ ಮೀನುಗಳೆಲ್ಲ ತೋಡಿಗಿಳಿಯುತ್ತವೆ. ಗದ್ದೆಯ ಕೊನೆಯ ಬಾಯಿ ತೋಡಿಗೆ ಸೇರುವ ಕಡೆ ಕುಚ್ಚು ಕಾದು ನಿಂತಿರುತ್ತದೆ.

ಡಿಸೆಂಬರ್, ಜನವರಿಯ ಚಳಿಯಲ್ಲಿ ಬೆಳಗಿನ ಜಾವ ಹೋಗಿ ನಡುಗುವುದರಲ್ಲಿ ಲಾಭವಿಲ್ಲ. ಕುಚ್ಚು ಬೆಚ್ಚನೆಯ ನೀರಿನ ಮೀನು. ಹನ್ನೊಂದು ಗಂಟೆಯಿಂದ ಎರಡರವರೆಗೆ, ಬಿಸಿಲು ನೇರ ಬೀಳುವ ದಡದ ತೆಳು ನೀರು ನೋಡಿ. ಮಡಿಕೇರಿ ಸುತ್ತಿನ ಎತ್ತರದ ತಣ್ಣನೆಯ ಕೆರೆಗಳಿಗಿಂತ ಕುಶಾಲನಗರ, ಶನಿವಾರಸಂತೆ, ಗೋಣಿಕೊಪ್ಪ, ಬಾಳೆಲೆ ಕಡೆಯ ಬೆಚ್ಚನೆಯ ಕೆರೆಗಳು ಈ ತಿಂಗಳಲ್ಲಿ ಮೇಲು.

ಇದೇ ಸಮಯದಲ್ಲಿ ಪಲ್ಪರ್ ನೀರಿನ ಮೇಲೂ ಕಣ್ಣಿಡಿ. ಕಾಫಿ ಹಣ್ಣಿನ ಸಿಪ್ಪೆಯ ನೀರು ತೋಡಿಗೆ ಸೇರಿದರೆ ಅದು ಕೊಳೆಯುವಾಗ ನೀರಿನ ಆಮ್ಲಜನಕವನ್ನೆಲ್ಲ ತಿಂದುಬಿಡುತ್ತದೆ. ಬೇರೆ ಮೀನು ಸತ್ತು ತೇಲುವಾಗಲೂ ಕುಚ್ಚು ಗಾಳಿ ನುಂಗಿ ಉಳಿದಿರುತ್ತದೆ. ಅಲ್ಲಿ ಕುಚ್ಚು ಹೆಚ್ಚಾಗಿ ಏಳುತ್ತಿದೆ ಎಂದು ಗಾಳ ಬಿಚ್ಚಬೇಡಿ, ಆ ನೀರಿಗೆ ಕಾಯಿಲೆ ಬಂದಿದೆ. ತೋಟದವರಿಗೆ ಹೇಳಿ. ಮೈಲುತುತ್ತ, ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ ಸಿಂಪಡಿಸಿದ ಮೇಲೆ ಮೊದಲ ಮಳೆ ಬಿದ್ದ ಕೆರೆಯನ್ನೂ ಬಿಟ್ಟುಬಿಡಿ. ಮೈಲುತುತ್ತ ಮೀನಿಗೆ ವಿಷ.

ಉಸಿರು ಓದುವುದು

ಎಲ್ಲಕ್ಕಿಂತ ಮುಖ್ಯವಾದ ಹಂತ ಇದು. ಹೆಚ್ಚಿನವರು ಇದನ್ನೇ ಬಿಟ್ಟು ದಡಕ್ಕೆ ಬಂದ ಕೂಡಲೇ ಎಸೆಯುತ್ತಾರೆ.

ಕೆರೆಗೆ ಹೋದ ಮೇಲೆ ಅರ್ಧ ಗಂಟೆ ಗಾಳ ಮುಟ್ಟಬೇಡಿ. ಸೂರ್ಯ ಬೆನ್ನಿಗೆ ಬರುವಂತೆ, ಆದರೆ ನಿಮ್ಮ ನೆರಳು ನೀರಿಗೆ ಬೀಳದಂತೆ ಮರದ ಮರೆಯಲ್ಲಿ ಕುಳಿತುಕೊಳ್ಳಿ. ಏರಿಯ ಮೇಲೆ ಕಾಲು ಬಡಿದು ನಡೆದರೆ ಆ ಸದ್ದು ನೆಲದಿಂದ ನೀರಿಗೆ ಹೋಗುತ್ತದೆ. ದಡದ ಬುಡದಲ್ಲಿರುವ ಮೀನು ಮೊದಲೇ ಜಾರಿಕೊಳ್ಳುತ್ತದೆ.

ಈಗ ನೀರಿನ ಮೇಲ್ಮೈ ನೋಡಿ. ಕುಚ್ಚು ಗಾಳಿ ನುಂಗುವಾಗ ಮೂತಿ ಮಾತ್ರ ಹೊರಬರುತ್ತದೆ. ಗುಳುಕ್ ಎಂಬ ಮೆಲ್ಲನೆಯ ಸದ್ದು, ಒಂದು ಸಣ್ಣ ಬಳೆ, ಹಿಂದೆಯೇ ಒಂದೆರಡು ಗುಳ್ಳೆ. ಅಷ್ಟೆ. ಜಿಲೇಬಿ ಮೀನು ಹುಳ ಹೆಕ್ಕುವಾಗಲೂ ಬಳೆ ಏಳುತ್ತದೆ, ಆದರೆ ಅದು ಗುಂಪಿನಲ್ಲಿ, ಅಲ್ಲಲ್ಲಿ ಚಿಟಿಚಿಟಿ ಎಂದು. ಗೆಂಡೆ ಮೀನು ಕೆಸರು ಕೆದಕುವಾಗ ತಳದಿಂದ ಸಣ್ಣ ಗುಳ್ಳೆಗಳ ಸಾಲು ಬರುತ್ತದೆ, ನೀರು ಕದಡುತ್ತದೆ. ಆಫ್ರಿಕನ್ ಕ್ಯಾಟ್‌ಫಿಶ್ ಕೂಡ ಗಾಳಿಗೆ ಏಳುವ ಮೀನೇ. ಅದು ನಡುನೀರಿನಲ್ಲಿ ನೇರವಾಗಿ ಮೇಲೆ ನುಗ್ಗಿ ಬಾಲ ಬಡಿದು ಹೋಗುತ್ತದೆ. ಕುಚ್ಚು ಹಾಗೆ ಅಬ್ಬರಿಸುವುದಿಲ್ಲ, ದಡದ ಮರೆ ಬಿಟ್ಟು ದೂರ ಹೋಗುವುದೂ ಕಡಿಮೆ.

ಒಂದು ಉಸಿರು ಕಂಡರೆ ಆ ಜಾಗಕ್ಕೆ ಗುರುತು ಇಟ್ಟುಕೊಳ್ಳಿ: ಆಚೆ ದಡದ ಒಂದು ಮರ, ಈಚೆ ದಡದ ಒಂದು ಕಲ್ಲು. ಅದೇ ಮೀನು ಮತ್ತೆ ಏಳುವವರೆಗೆ ಕಾಯಿರಿ. ನೀರು ಬಿಸಿಯಾಗಿದ್ದರೆ ಬೇಗ, ತಣ್ಣಗಿದ್ದರೆ ತಡ. ಎರಡನೆಯ ಉಸಿರು ಮೊದಲಿನ ಹತ್ತಿರವೇ ಬಂದರೆ ಅದು ಅಲ್ಲೇ ಹೊಂಚು ಹಾಕಿ ನಿಂತ ಮೀನು. ದೂರ ಬಂದರೆ ಅದು ಸಂಚಾರದಲ್ಲಿದೆ. ಎರಡು ಬಳೆಗಳನ್ನು ಮನಸ್ಸಿನಲ್ಲೇ ಜೋಡಿಸಿದರೆ ಎತ್ತ ಹೋಗುತ್ತಿದೆ ಎಂದು ತಿಳಿಯುತ್ತದೆ. ನಿಂತ ಮೀನಿಗೆ ಗಾಳ ಹಾಕುವುದು ಸುಲಭ.

ಉಸಿರು ಕಾಣದಿದ್ದರೆ ಜಾಗ ನೋಡಿ ಅಂದಾಜು ಮಾಡಬೇಕು. ತಾವರೆ ಎಲೆಗಳ ನಡುವಿನ ತೆರಪು, ಅಂತರಗಂಗೆಯ ಹಾಸು ಮುಗಿಯುವ ಅಂಚು, ನೀರಿಗೆ ಬಾಗಿದ ಬಿದಿರು ಮೆಳೆಯ ನೆರಳು, ತೂಬಿನ ಕಲ್ಲಿನ ಪಕ್ಕ, ಕೆರೆಗೆ ತೋಡು ಸೇರುವ ಬಾಯಿ. ಬಟ್ಟಬಯಲಾದ ನಡುನೀರನ್ನು ಬಿಟ್ಟುಬಿಡಿ. ಹೊಳೆಯಲ್ಲಾದರೆ ಹರಿವಿನಿಂದ ಪಕ್ಕಕ್ಕೆ ಸರಿದ ನಿಂತ ನೀರು, ಬಂಡೆಯ ಹಿಂದಿನ ಮಡು. ಬೇತ್ರಿಯಿಂದ ಕೆಳಗೆ ಸಿದ್ದಾಪುರ, ಗುಹ್ಯದ ಕಡೆ ಕಾವೇರಿ ನಿಧಾನವಾಗುವಲ್ಲಿ ಇಂಥ ಜಾಗಗಳಿವೆ. ನಿಟ್ಟೂರು, ಬಾಳೆಲೆ ಬಳಿಯ ಲಕ್ಷ್ಮಣತೀರ್ಥದಲ್ಲೂ ಇವೆ.

ಗಾಳ, ದಾರ, ಎರೆ

ಬಿದಿರು ಗಳ, ತಂಗೂಸಿ ದಾರ, ಬೆಂಡು, ಗಾಳ, ಎರೆಹುಳು. ಇಷ್ಟರಲ್ಲೇ ಕುಚ್ಚು ಸಿಗುತ್ತದೆ, ತಲೆಮಾರುಗಳಿಂದ ಸಿಕ್ಕಿದೆ. ಎರೆಹುಳುವಿಗಿಂತ ಬೆರಳುದ್ದದ ಮೀನು ಮೇಲು. ಬೆಂಡನ್ನು ಗಾಳದಿಂದ ಒಂದೂವರೆ ಅಡಿ ಮೇಲೆ ಕಟ್ಟಿ, ಬಳ್ಳಿಯ ಅಂಚಿನಲ್ಲಿ ಬಿಡಿ.

ರಾಡು ಕೊಳ್ಳುವವರಿಗೆ ಆರೂವರೆಯಿಂದ ಏಳು ಅಡಿಯ ಗಟ್ಟಿ ರಾಡು ಬೇಕು. ದಾರ ಹೆಣೆದದ್ದೇ ಇರಲಿ, 30ರಿಂದ 40 ಪೌಂಡಿನದು. ಇದು ಮೀನಿನ ತೂಕಕ್ಕಲ್ಲ, ಅದು ಬಳ್ಳಿಯೊಳಗೆ ಸುತ್ತಿಕೊಂಡಾಗ ಬಳ್ಳಿಸಮೇತ ಎಳೆಯಲು. ಎರೆಯಾಗಿ ಟೊಳ್ಳು ಹೊಟ್ಟೆಯ ರಬ್ಬರ್ ಕಪ್ಪೆಗೆ ಸಮ ಇನ್ನೊಂದಿಲ್ಲ. ಅದರ ಜೋಡಿ ಗಾಳ ಬೆನ್ನಿಗೆ ಅಂಟಿಕೊಂಡಿರುವುದರಿಂದ ಎಲೆಗೆ ಸಿಕ್ಕಿಕೊಳ್ಳುವುದಿಲ್ಲ. ಮೀನು ಕಚ್ಚಿ ಒತ್ತಿದಾಗ ಮಾತ್ರ ಮೊನೆ ಹೊರಬರುತ್ತದೆ. ಜೀವಂತ ಕಪ್ಪೆ ಹಿಡಿದು ಕಟ್ಟುವುದು ಬೇಡ. ಗದ್ದೆಯ ದೊಡ್ಡ ಕಪ್ಪೆಗೆ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ, ಗದ್ದೆಗೆ ಅದರ ಅಗತ್ಯವೂ ಇದೆ. ಹೊಳೆಯ ಆಳದ ಮಡುವಿನಲ್ಲಿ ಹೂವಿನ ಮುರಲಿಗೆ ಚಮಚದಂತೆ ಹೊಳೆಯುವ ಸ್ಪೂನ್ ಎರೆ ಒಳ್ಳೆಯದು.

ಬ್ಯಾಟರಿ ಕರೆಂಟು, ತೋಟೆ, ವಿಷದ ಪುಡಿ ಹಾಕಿ ಮೀನು ಎತ್ತುವುದು ಅಪರಾಧ. ಅದು ಮೀನು ಹಿಡಿಯುವುದಲ್ಲ, ನೀರನ್ನೇ ಕೊಲ್ಲುವುದು.

ಎಸೆತ ಮತ್ತು ಎಳೆತ

ಗುರುತಿಟ್ಟ ಜಾಗದ ಮೇಲೆಯೇ ಎಸೆಯಬೇಡಿ. ನಾಲ್ಕೈದು ಅಡಿ ಆಚೆ, ಸಾಧ್ಯವಾದರೆ ಎಲೆಯ ಮೇಲೆ ಬೀಳಿಸಿ. ಬಳೆಗಳು ಆರುವವರೆಗೆ ಕಪ್ಪೆಯನ್ನು ಹಾಗೇ ಬಿಡಿ. ಆಮೇಲೆ ಎಲೆಯಿಂದ ನೀರಿಗೆ ಜಾರಿಸಿ, ಎರಡು ಸಣ್ಣ ಜಗ್ಗು, ಒಂದು ನಿಲುಗಡೆ. ಕುಚ್ಚು ಹೆಚ್ಚಾಗಿ ನಿಲುಗಡೆಯಲ್ಲೇ ಎರಗುತ್ತದೆ. ಎಲೆಗಳು ಅಲುಗುತ್ತಾ ಗೆರೆಯಂತೆ ಹಿಂಬಾಲಿಸುವುದು ಕಂಡರೆ ವೇಗ ಬದಲಿಸಬೇಡಿ.

ನೀರು ಸಿಡಿದ ಕ್ಷಣವೇ ಎಳೆಯಬಾರದು. ಕೈ ತಾನಾಗಿಯೇ ಎಳೆಯಲು ಹೋಗುತ್ತದೆ, ತಡೆಯಿರಿ. ಆಗ ಎಳೆದರೆ ಕಪ್ಪೆ ಬಾಯಿಂದ ಹಾರಿ ಬರುತ್ತದೆ. ರಾಡಿನ ತುದಿ ತಗ್ಗಿಸಿ, ಸಡಿಲ ದಾರ ಸುತ್ತಿಕೊಂಡು, ಮೀನಿನ ಭಾರ ಕೈಗೆ ಬಂದ ಮೇಲೆ ಗಟ್ಟಿಯಾಗಿ ಒಮ್ಮೆ ಎತ್ತಿ. ಅಲ್ಲಿಂದ ಮುಂದೆ ದಾರ ಸಡಿಲ ಬಿಡುವಂತಿಲ್ಲ. ತಲೆ ಮೇಲಿಟ್ಟುಕೊಂಡೇ ಎಳೆದು ತನ್ನಿ, ಬೇರಿನ ಸಂದಿಗೆ ನುಗ್ಗಿದರೆ ಹೊರಗೆ ತರುವುದು ಕಷ್ಟ. ತಪ್ಪಿಸಿಕೊಂಡರೆ ಅದೇ ಜಾಗಕ್ಕೆ ಕೂಡಲೇ ಇನ್ನೊಮ್ಮೆ ಎಸೆಯಿರಿ, ಹಲವು ಬಾರಿ ಅದೇ ಮೀನು ಮತ್ತೆ ಎರಗುತ್ತದೆ.

ಜೆಸಿಬಿಯಲ್ಲಿ ತೋಡಿದ ತೋಟದ ಕೆರೆಗಳ ದಡ ಗೋಡೆಯಂತೆ ಕಡಿದಾಗಿರುತ್ತದೆ, ಮೇಲಿನ ಮಣ್ಣು ಜಾರುತ್ತದೆ. ಪ್ಲಾಸ್ಟಿಕ್ ಹಾಸಿದ ಕೃಷಿ ಹೊಂಡದಲ್ಲಿ ಜಾರಿ ಬಿದ್ದವರಿಗೆ ಹತ್ತಿ ಬರಲು ಹಿಡಿತವೇ ಸಿಗುವುದಿಲ್ಲ. ಅಂಥ ಕಡೆ ಮೀನು ಎತ್ತಲು ಬಾಗಬೇಡಿ; ಉದ್ದ ಹಿಡಿಯ ಬಲೆ ಇರಲಿ, ಜೊತೆಗಾರ ಹಗ್ಗ ಹಿಡಿದು ನಿಂತಿರಲಿ.

ಕೆಂಪು ಮರಿಗಳ ಗುಂಪು ಕಂಡರೆ

ಮಳೆಗಾಲದಲ್ಲಿ ಕೆರೆಯ ಅಂಚಿನ ನೀರು ಒಂದು ಮೊರದಷ್ಟು ಅಗಲ ಕೆಂಪಗಾಗಿ ಕುದಿಯುವುದನ್ನು ನೋಡಬಹುದು. ಅದು ಕುಚ್ಚಿನ ಮರಿಗಳು. ತಂದೆತಾಯಿ ಬಳ್ಳಿ ಸರಿಸಿ ಮಾಡಿದ ತೆರಪಿನಲ್ಲಿ ತೇಲುವ ಮೊಟ್ಟೆಗಳು ಒಂದೆರಡು ದಿನದಲ್ಲಿ ಒಡೆಯುತ್ತವೆ. ಸ್ವಲ್ಪ ಬೆಳೆದ ಮರಿಗಳು ಕಿತ್ತಳೆಗೆಂಪು ಬಣ್ಣದಲ್ಲಿ ಒಂದೇ ಗುಂಪಾಗಿ ತಿರುಗುತ್ತವೆ. ಅವಕ್ಕೂ ಗಾಳಿ ಬೇಕು, ಅದಕ್ಕೇ ಆ ಕುದಿತ. ದೊಡ್ಡ ಮೀನು ಸರಿಯಾಗಿ ಅದರ ಕೆಳಗೇ ಇರುತ್ತದೆ.

ಕುಚ್ಚು ಹಿಡಿಯಲು ಇದಕ್ಕಿಂತ ಸುಲಭದ ಗುರುತಿಲ್ಲ. ಕಪ್ಪೆಯನ್ನು ಆ ಗುಂಪಿನ ಮೇಲೆ ಎಳೆದರೆ ಹಸಿವಿಲ್ಲದಿದ್ದರೂ ಮರಿ ಕಾಯಲು ಎರಗುತ್ತದೆ. ಹಾಗೆ ಹಿಡಿಯಬೇಡಿ. ಕಾವಲು ಹೋದ ಮೇಲೆ ಜಿಲೇಬಿ, ನೀರೊಳ್ಳೆ ಹಾವು, ನೀರುಕಾಗೆಗಳು ಆ ಇಡೀ ಗುಂಪನ್ನು ಮುಗಿಸಿಬಿಡುತ್ತವೆ. ಒಂದು ಹೊತ್ತಿನ ಮೀನು ಸಾರಿಗಾಗಿ ಆ ಕೆರೆಯ ಮುಂದಿನ ಎರಡು ಮೂರು ವರ್ಷದ ಮೀನು ಹೋಗುತ್ತದೆ. ಜಾಗ ಬರೆದಿಟ್ಟುಕೊಳ್ಳಿ, ಮರಿಗಳ ಕೆಂಪು ಹೋಗಿ ಗುಂಪು ಚದುರಿದ ಮೇಲೆ, ಮಳೆ ಕಳೆದು ಬನ್ನಿ. ಒಳ್ಳೆಯ ಜಾಗವಾದರೆ ಮುಂದಿನ ವರ್ಷವೂ ಆ ಸುತ್ತಲೇ ಗೂಡು ಮಾಡುವುದುಂಟು.

ಕೈಗೆ ಬಂದ ಮೇಲೆ

ಲೋಳೆ ಬಹಳ, ಹಲ್ಲೂ ಉಂಟು. ಒದ್ದೆ ಬಟ್ಟೆಯಲ್ಲಿ ಹಿಡಿಯಿರಿ, ಗಾಳವನ್ನು ಇಕ್ಕಳದಿಂದ ಬಿಡಿಸಿ. ಬಿಡುವ ಮೀನಾದರೆ ಒಣ ಕೈ, ಬಿಸಿ ಕಲ್ಲು ತಾಗಿಸಬಾರದು. ಹೊಳೆಯಲ್ಲಿ ಗಾಳಕ್ಕೆ ಮಹಶೀರ್ ಸಿಕ್ಕರೆ ನೀರೊಳಗೇ ಬಿಡಿಸಿ ಕಳಿಸಿ. ಕಾವೇರಿಯ ಗೂನುಬೆನ್ನಿನ ಮಹಶೀರ್ 2018ರಿಂದ ತೀವ್ರ ಅಳಿವಿನಂಚಿನ ಪಟ್ಟಿಯಲ್ಲಿದೆ.

ಚಳಿಗಾಲದಲ್ಲಿ ಮೈಮೇಲೆ ಕೆಂಪು ಹುಣ್ಣಿರುವ ಕುಚ್ಚು, ಕೊರವ ಸಿಗಬಹುದು. ಇದು ಶಿಲೀಂಧ್ರದಂಥ ಜೀವಿಯಿಂದ ಬರುವ ಹುಣ್ಣು ರೋಗ, 1988ರಲ್ಲಿ ಭಾರತಕ್ಕೆ ಬಂದದ್ದು, ಈ ಜಾತಿಗಳಿಗೆ ಬೇಗ ತಗಲುತ್ತದೆ. ಅಂಥ ಮೀನನ್ನು ತಿನ್ನಬೇಡಿ, ಬೇರೆ ಕೆರೆಗೂ ಬಿಡಬೇಡಿ. ಸುಣ್ಣ ಹಾಕಿ ಹೂಳಿ. ಬಲೆ, ಬೂಟು ಬಿಸಿಲಲ್ಲಿ ಪೂರ್ತಿ ಒಣಗಿಸದೆ ಇನ್ನೊಂದು ಕೆರೆಗೆ ಇಳಿಯಬೇಡಿ.

ಅಡುಗೆಗೆ ಒಯ್ಯುವುದಾದರೆ ಒದ್ದೆ ಗೋಣಿಯಲ್ಲಿ ಗಂಟೆಗಟ್ಟಲೆ ಬದುಕಿರುತ್ತದೆ, ಆದರೆ ಅಷ್ಟು ಹೊತ್ತು ನರಳಿಸುವುದು ತಪ್ಪು. ದಡದಲ್ಲೇ ತಲೆಗೆ ಒಂದು ಪೆಟ್ಟು ಕೊಟ್ಟು ಮುಗಿಸಿ. ಮನೆಯಲ್ಲಿ ಒಲೆ ಬೂದಿ ಅಥವಾ ಕಲ್ಲುಪ್ಪು ಹಾಕಿ ಉಜ್ಜಿದರೆ ಲೋಳೆ ಹೋಗುತ್ತದೆ. ನಡುಮುಳ್ಳು ಬಿಟ್ಟರೆ ಸಣ್ಣ ಮುಳ್ಳು ಕಡಿಮೆ, ಮಕ್ಕಳಿಗೂ ಕೊಡಬಹುದು. ಮಸಾಲೆ ಚೆನ್ನಾಗಿ ಕುದಿದ ಮೇಲೆ ತುಂಡು ಹಾಕಿ, ಬೆಂದ ಮೇಲೆ ಕಾಚಂಪುಳಿ ಬಿಡಿ. ಕಾಚಂಪುಳಿ ಬಲವಾದ ಹುಳಿ, ಅರ್ಧ ಚಮಚದಿಂದ ಶುರುಮಾಡಿ ರುಚಿ ನೋಡಿ. ಸೌಟಿನಿಂದ ತಿರುವಬೇಡಿ, ಪಾತ್ರೆಯ ಕಿವಿ ಹಿಡಿದು ಅಲುಗಿಸಿದರೆ ಸಾಕು.